ನಿಂತ ಯಂತ್ರ ಬೇರೆ, ಕೆಟ್ಟ ಯಂತ್ರ ಬೇರೆ

ಮಾರಿಕುಪ್ಪಂನಿಂದ ಬಿಡದಿಗೆ ಹೊರಡುವ ಕುಟುಂಬಕ್ಕೆ ಒಂದು ಕೈಪಿಡಿ

ಮಾರಿಕುಪ್ಪಂ ಎಂದರೆ ಹಳಿ ಮುಗಿಯುವ ಊರು. ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಗೋಸ್ಕರ 1894ರಲ್ಲಿ ಬಂಗಾರಪೇಟೆಯಿಂದ, ಅಂದರೆ ಆಗಿನ ಬೌರಿಂಗ್‌ಪೇಟೆಯಿಂದ, ಇಲ್ಲಿಗೆ 16 ಕಿ.ಮೀ. ಹಳಿ ಹಾಕಿದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಹಳಿ ಉಳಿಯಿತು. ಈಗ ಅದೇ ಹಳಿಯ ಮೇಲೆ ಊರಿನ ದುಡಿಮೆ ದಿನಾ ಬೆಳಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತದೆ. ಮಕ್ಕಳಿಗೆ ರಜೆ ಬಂದಾಗ ಮನೆಮಂದಿಯೆಲ್ಲ ಅದೇ ರೈಲು ಹತ್ತುತ್ತಾರೆ. ಬೆಂಗಳೂರಿನಲ್ಲಿ ಇಳಿದು, ಮೈಸೂರು ಕಡೆಯ ಬಸ್ಸೋ ರೈಲೋ ಹಿಡಿದು, ಬಿಡದಿ ಹತ್ತಿರ 2005ರಲ್ಲಿ ಶುರುವಾದ ವಂಡರ್‌ಲಾದ ಕಡೆಗೋ ಬೇರೊಂದು ಮನರಂಜನಾ ಪಾರ್ಕಿಗೋ ಹೊರಡುತ್ತಾರೆ. ತಿಂಗಳುಗಟ್ಟಲೆ ಕೂಡಿಟ್ಟ ಹಣ ಒಂದೇ ದಿನಕ್ಕೆ ಖರ್ಚಾಗುತ್ತದೆ. ಆ ದಿನ ಕೆಟ್ಟರೆ ಏನು ಮಾಡಬೇಕು ಎಂಬುದು ಹೊರಡುವ ಮೊದಲೇ ಗೊತ್ತಿರಬೇಕು.

ಈ ಊರಿಗೆ ಆ ತಿಳಿವಳಿಕೆ ಹೊಸದಲ್ಲ. ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳವಿತ್ತು. ನಮ್ಮ ತಾತಂದಿರನ್ನು ಶಾಫ್ಟಿನೊಳಗೆ ಇಳಿಸಿದ್ದು ಉಕ್ಕಿನ ಹಗ್ಗಕ್ಕೆ ತೂಗಿದ ಕೇಜು. ಹಗ್ಗ, ಬ್ರೇಕು, ಗಂಟೆಯನ್ನು ಬಲ್ಲವರು ದಿನಾ ನೋಡಬೇಕಿತ್ತು, ನೋಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕಿತ್ತು. ಒಂದು ಸಲಕ್ಕೆ ಇಷ್ಟೇ ಜನ. ಗಂಟೆಯ ಸನ್ನೆ ಆಗದೆ ಕೇಜು ಅಲುಗುವಂತಿರಲಿಲ್ಲ. ಪಾರ್ಕಿನ ಆಟದ ಯಂತ್ರವೂ ಇದೇ ಶಿಸ್ತಿನ ಮೇಲೆ ನಿಂತಿದೆ. ಶಿಸ್ತು ಇದ್ದಲ್ಲಿ ಯಂತ್ರ ಆಗಾಗ ನಿಲ್ಲುತ್ತದೆ. ಶಿಸ್ತು ತಪ್ಪಿದಲ್ಲಿ ಅದು ಮುರಿಯುತ್ತದೆ. ಈ ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ಅರ್ಧ ಭಯ ಹೋಗುತ್ತದೆ, ನಿಜವಾಗಿ ಭಯಪಡಬೇಕಾದ ಜಾಗವೂ ಕಾಣುತ್ತದೆ.

ಮಧ್ಯದಲ್ಲಿ ನಿಂತರೆ

ರೋಲರ್ ಕೋಸ್ಟರ್‌ನ ಹಳಿಯನ್ನು ಹಲವು ಭಾಗ ಮಾಡಿರುತ್ತಾರೆ. ಒಂದು ಭಾಗದಲ್ಲಿ ಒಂದು ಸಲಕ್ಕೆ ಒಂದೇ ಗಾಡಿ. ಮುಂದಿನ ಭಾಗ ಖಾಲಿಯಾಯಿತು ಎಂದು ಸೆನ್ಸರ್ ಹೇಳುವವರೆಗೆ ಹಿಂದಿನ ಗಾಡಿಯನ್ನು ಬ್ರೇಕು ಹಿಡಿದಿಟ್ಟಿರುತ್ತದೆ. ನಮ್ಮ ರೈಲು ಸಿಗ್ನಲ್ ಸಿಗದೆ ಸ್ಟೇಷನ್ನಿನ ಹೊರಗೆ ಕಾಯುವುದು ಹೇಗೋ, ಇದೂ ಹಾಗೆಯೇ. ಕರೆಂಟು ಹೋದಾಗ, ಗಾಳಿ ಜೋರಾದಾಗ, ಯಾವುದೋ ಸೀಟಿನ ಕಂಬಿ ಸರಿಯಾಗಿ ಕೂತಿಲ್ಲ ಎಂದು ಸೆನ್ಸರ್‌ಗೆ ಅನ್ನಿಸಿದಾಗ ಯಂತ್ರ ತಾನಾಗಿ ನಿಲ್ಲುತ್ತದೆ, ಇಲ್ಲವೇ ಸಿಬ್ಬಂದಿ ನಿಲ್ಲಿಸುತ್ತಾರೆ. ತೊಡೆಯ ಮೇಲಿನ ಅಥವಾ ಭುಜದ ಮೇಲಿನ ಕಂಬಿ ಮಾತ್ರ ಬಿಗಿಯಾಗಿಯೇ ಇರುತ್ತದೆ. ಕರೆಂಟು ಹೋದರೂ ಕಳಚದಂತೆಯೇ ಅದನ್ನು ಮಾಡಿರುತ್ತಾರೆ.

2025ರ ಮೇ ತಿಂಗಳಲ್ಲಿ ಚೆನ್ನೈನ ಈಸ್ಟ್ ಕೋಸ್ಟ್ ರಸ್ತೆಯ ಒಂದು ಪಾರ್ಕಿನಲ್ಲಿ ಸುಮಾರು ಮೂವತ್ತು ಜನ ಎತ್ತರದ ಆಟವೊಂದರ ಮೇಲೆ ಗಂಟೆಗಟ್ಟಲೆ ಸಿಕ್ಕಿಬಿದ್ದರು. ಅಗ್ನಿಶಾಮಕ ದಳದವರು ಏಣಿ ಗಾಡಿ ತಂದು ಒಬ್ಬೊಬ್ಬರನ್ನೇ ಇಳಿಸಿದರು. ನೋಡಿದವರಿಗೆ ಎದೆ ನಡುಗಿತು, ಆದರೂ ಎಲ್ಲರೂ ಸುರಕ್ಷಿತವಾಗಿ ಕೆಳಗೆ ಬಂದರು. ಸೀಟಿನಲ್ಲಿ ಕಟ್ಟಿಕೊಂಡು ಕೂತವರಿಗೆ ನಿಂತ ಯಂತ್ರದಿಂದ ಅಪಾಯ ಕಡಿಮೆ. ಅವಸರಪಟ್ಟು ಕಂಬಿ ಬಿಡಿಸಿಕೊಳ್ಳಲು ಹೋದರೆ ಅಪಾಯ.

ಆದ್ದರಿಂದ ನಿಂತಾಗ ಮೂರು ಕೆಲಸ. ಬೆನ್ನು ಒರಗಿಸಿ ಕೂರುವುದು. ಮಕ್ಕಳ ಹತ್ತಿರ ಮಾತಾಡುತ್ತಾ ಇರುವುದು. ಸಿಬ್ಬಂದಿ ಬಂದು ಹೇಳುವವರೆಗೆ ಕಂಬಿಗೆ ಕೈ ಹಾಕದಿರುವುದು. ತಲೆ ಸುತ್ತು, ಎದೆನೋವು, ಉಸಿರಾಟದ ತೊಂದರೆ ಇದ್ದವರು ಕೂಗಿ ಹೇಳಬೇಕು, ಅವರನ್ನು ಮೊದಲು ಇಳಿಸುತ್ತಾರೆ. ಕೆಳಗೆ ನಿಂತ ಮನೆಯವರು 112ಕ್ಕೆ ಕರೆ ಮಾಡಲು ಹಿಂಜರಿಯಬೇಕಾಗಿಲ್ಲ.

ಯಂತ್ರ ನಿಂತದ್ದನ್ನು ಮನುಷ್ಯ ನಂಬದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಸಾಕ್ಷಿ. 2015ರ ಜೂನ್ 2ರಂದು ಅಲ್ಲಿನ ಸ್ಮೈಲರ್ ಎಂಬ ರೋಲರ್ ಕೋಸ್ಟರ್‌ನಲ್ಲಿ ಮುಂದೆ ಒಂದು ಖಾಲಿ ಗಾಡಿ ನಿಂತಿತ್ತು. ಯಂತ್ರ ಹಿಂದಿನ ಗಾಡಿಯನ್ನು ಸರಿಯಾಗಿಯೇ ತಡೆದಿತ್ತು. ಸಿಬ್ಬಂದಿ ಅದನ್ನು ಯಂತ್ರದ ದೋಷ ಎಂದುಕೊಂಡು ತಡೆ ತೆಗೆದು ಗಾಡಿ ಬಿಟ್ಟರು. ಡಿಕ್ಕಿಯಲ್ಲಿ ಹದಿನಾರು ಜನರಿಗೆ ಗಾಯವಾಯಿತು, ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ಮರುವರ್ಷ ನ್ಯಾಯಾಲಯ ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಕ್ಯೂನಲ್ಲಿ ನಿಂತು "ಎಷ್ಟು ಹೊತ್ತು, ಬೇಗ ಬಿಡ್ರಪ್ಪಾ" ಎಂದು ಆಟ ನಡೆಸುವ ಹುಡುಗರ ಮೇಲೆ ರೇಗುವ ಮುಂಚೆ ಇದು ನಮ್ಮ ನೆನಪಿಗೆ ಬರಲಿ. ನಮ್ಮ ಅವಸರವೂ ಆ ಹುಡುಗರ ಕೈಯನ್ನು ಗಾಡಿ ಬಿಡುವ ಗುಂಡಿಯ ಕಡೆಗೆ ತಳ್ಳುತ್ತದೆ.

ಕೆಟ್ಟ ಯಂತ್ರದ ಗುರುತು

2019ರ ಜುಲೈ 14ರಂದು ಅಹಮದಾಬಾದಿನ ಕಂಕರಿಯಾ ಕೆರೆಯ ದಂಡೆಯಲ್ಲಿ ಲೋಲಕದಂತೆ ತೂಗುವ ಆಟದ ಮುಖ್ಯ ದಂಡವೇ ಮುರಿದು, ಜನ ಕೂತ ತೊಟ್ಟಿಲು ನೆಲಕ್ಕೆ ಬಿತ್ತು. ಇಬ್ಬರು ಸತ್ತರು, ಇಪ್ಪತ್ತೈದಕ್ಕೂ ಹೆಚ್ಚು ಜನ ಗಾಯಗೊಂಡರು. ದಿನಕ್ಕೆ ನೂರಾರು ಸಲ ತೂಗುವ ಕಬ್ಬಿಣ ದಣಿಯುತ್ತದೆ. ಬೆಸುಗೆ ಹಾಕಿದ ಕಡೆ, ಬೋಲ್ಟಿನ ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಅದು ಬರಿಗಣ್ಣಿಗೆ ಕಾಣದು. ಬಣ್ಣ ಕೆರೆದು, ಉಪಕರಣ ಹಿಡಿದು ಹುಡುಕಬೇಕು. ಅದಕ್ಕೆಂದೇ ದಿನದ ತಪಾಸಣೆ, ವರ್ಷದ ತಪಾಸಣೆ ಎಂದು ಇರುವುದು. ಭಾರತೀಯ ಮಾನಕ ಬ್ಯೂರೋ ಆಟದ ಯಂತ್ರಗಳ ಸುರಕ್ಷತೆಗೆ ಐಎಸ್ 15475 ಎಂಬ ಮಾನದಂಡ ಹೊರಡಿಸಿದೆ. ಕರ್ನಾಟಕದಲ್ಲಿ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ 1963ರ ಪೊಲೀಸ್ ಕಾಯ್ದೆಯಡಿ ಪರವಾನಗಿ ಪಡೆಯಬೇಕು.

ಬಿರುಕನ್ನು ನಾವು ಕಾಣಲಾರೆವು, ಶಿಸ್ತನ್ನು ಕಾಣಬಲ್ಲೆವು. ಬೆಳಗ್ಗೆ ಮೊದಲ ಸುತ್ತು ಖಾಲಿ ಓಡಿಸಿದರೇ? ಹುಡುಗ ಪ್ರತಿ ಸೀಟಿನ ಕಂಬಿಯನ್ನೂ ಕೈಯಲ್ಲಿ ಎಳೆದು ನೋಡಿದನೇ, ಇಲ್ಲ ದೂರದಿಂದಲೇ ಕೈಬೀಸಿದನೇ? ಎತ್ತರದ ಕೋಲಿನ ಪಕ್ಕ ಮಗುವನ್ನು ನಿಲ್ಲಿಸಿ ಅಳೆದರೇ? ಈ ಅಳತೆ ಬಹಳ ಮುಖ್ಯ. ಕಂಬಿಯನ್ನು ಇಂತಿಷ್ಟು ಎತ್ತರದ ಮೈಗೆ ಹೊಂದುವಂತೆ ಮಾಡಿರುತ್ತಾರೆ, ಗಿಡ್ಡ ಮಗು ಅದರ ಕೆಳಗಿಂದ ಜಾರಿಬಿಡಬಹುದು. "ಎರಡು ಇಂಚು ತಾನೇ, ಬಿಡಿ ಸಾರ್" ಎಂದು ಅಪ್ಪನೇ ಅಂಗಲಾಚುವುದನ್ನು ಎಷ್ಟೋ ಕಡೆ ನೋಡಬಹುದು. ಆ ಎರಡು ಇಂಚಿನಲ್ಲೇ ಮಗುವಿನ ಜೀವ ಇರುತ್ತದೆ.

ಜಾತ್ರೆಗೂ ಎಕ್ಸಿಬಿಷನ್ನಿಗೂ ಊರಿಗೇ ಬರುವ ಜೈಂಟ್ ವೀಲು, ಕೊಲಂಬಸ್‌ಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಊರಿಂದೂರಿಗೆ ಬಿಚ್ಚಿ ಜೋಡಿಸುವ ಯಂತ್ರದಲ್ಲಿ ಪ್ರತಿ ಸಲವೂ ತಪ್ಪಿಗೆ ಅವಕಾಶವಿದೆ. ಕಾಲುಗಳ ಕೆಳಗೆ ಗಟ್ಟಿ ನೆಲವಿದೆಯೇ, ಮಳೆಗೆ ಮಣ್ಣು ಸಡಿಲಾಗಿದೆಯೇ, ಬೋಲ್ಟು ಇರಬೇಕಾದ ಕಡೆ ತಂತಿ ಸುತ್ತಿದ್ದಾರೆಯೇ, ಜನ ನುಗ್ಗದಂತೆ ಸುತ್ತ ಬೇಲಿ ಇದೆಯೇ, ಕರೆಂಟಿನ ವೈರು ನೀರಿನಲ್ಲಿ ಬಿದ್ದಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಮನಸ್ಸು ಒಪ್ಪದಿದ್ದರೆ ಮಗು ಅತ್ತರೂ ಹತ್ತಿಸಬೇಡಿ.

ಒಳಾಂಗಣದ ಗೇಮ್ ಝೋನ್‌ಗೆ ಹೋದರೆ ಮೊದಲು ಹೊರದಾರಿ ನೋಡಿಕೊಳ್ಳಿ. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ ಬೆಂಕಿ ಹೊತ್ತಿ ಮಕ್ಕಳೂ ಸೇರಿ 27 ಜನ ಸತ್ತರು. ಅದು ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯಿಲ್ಲದೆ ನಡೆಯುತ್ತಿತ್ತು.

ನೀರಿನಲ್ಲಿ

ಮಕ್ಕಳ ಆಸೆಯೆಲ್ಲ ನೀರಿನ ಮೇಲೆ. ಅಲ್ಲಿ ಜಾರಿ ಬಿದ್ದು ಮಂಡಿ, ಮೊಣಕೈ, ಹಲ್ಲಿಗೆ ಪೆಟ್ಟಾಗುವುದು ಸಾಮಾನ್ಯ. ದೊಡ್ಡ ಅಪಾಯ ಸದ್ದಿಲ್ಲದೆ ಬರುತ್ತದೆ. ಮುಳುಗುತ್ತಿರುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಇಳಿಯುತ್ತಾ ಇರುತ್ತದೆ, ಉಸಿರಿಗೇ ಸಮಯವಿಲ್ಲ, ಕೂಗುವುದೆಲ್ಲಿ? ಅಲೆಕೊಳದಲ್ಲಿ ನೂರಾರು ತಲೆಗಳ ನಡುವೆ ಒಂದು ತಲೆ ಕೆಳಗೆ ಹೋದದ್ದು ತಿಳಿಯುವುದಿಲ್ಲ. ಜೀವರಕ್ಷಕರು ಇದ್ದರೂ ಮಗುವಿಗೆ ಕೈಯಳತೆಯಲ್ಲಿ ಒಬ್ಬರು ದೊಡ್ಡವರು ಇರಬೇಕು, ಆ ಹೊತ್ತಿಗೆ ಅವರ ಕೈಯಲ್ಲಿ ಫೋನು ಇರಬಾರದು.

ನೈಲಾನ್ ಬಟ್ಟೆಯೇ ಬೇಕು ಎನ್ನುವ ನಿಯಮಕ್ಕೆ ಅನೇಕರು ಸಿಟ್ಟಾಗುತ್ತಾರೆ. ಹತ್ತಿಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯಲ್ಲಿ ಮೈ ತಡೆದು ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ, ಎಳೆಗಳು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ. ಬಾಡಿಗೆಯ ಖರ್ಚು ಬೇಡವಾದರೆ ನೈಲಾನ್ ಬಟ್ಟೆಯನ್ನು ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಗುಡುಗು ಕೇಳಿದ ಕೂಡಲೇ ನೀರಿನಾಟ ನಿಲ್ಲಿಸುವುದೂ ನಿಮ್ಮ ಒಳ್ಳೆಯದಕ್ಕೇ.

ಪೆಟ್ಟಾದರೆ

ಎತ್ತರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಕುತ್ತಿಗೆಗೋ ಬೆನ್ನುಮೂಳೆಗೋ ಪೆಟ್ಟಾಗಿದ್ದರೆ ಆ ಎತ್ತುವಿಕೆಯಿಂದಲೇ ಜೀವನಪೂರ್ತಿ ನಡೆಯದಂತಾಗಬಹುದು. ತಲೆ ಅಲುಗದಂತೆ ಹಿಡಿದು, ಸ್ಟ್ರೆಚರ್ ಬರುವವರೆಗೆ ಕಾಯಿರಿ. ನೀರು ಕುಡಿಸಬೇಡಿ. ಮುಳುಗಿದವರನ್ನು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಿಲ್ಲದಿದ್ದರೆ ಬಲ್ಲವರು ಉಸಿರು ಕೊಟ್ಟು ಎದೆ ಒತ್ತಬೇಕು. ಪಾರ್ಕಿನ ಪ್ರಥಮ ಚಿಕಿತ್ಸೆಯ ಕೋಣೆಗೆ ಹೇಳಿ, ಜೊತೆಗೆ ನೀವೇ 108ಕ್ಕೂ ಕರೆ ಮಾಡಿ.

ತಲೆಗೆ ಪೆಟ್ಟಾದ ಮಗು "ಏನಿಲ್ಲಮ್ಮಾ" ಎಂದು ಓಡಾಡುತ್ತಿರಬಹುದು. ವಾಪಸು ರೈಲಿನಲ್ಲಿ ವಾಂತಿ, ಅತಿಯಾದ ನಿದ್ದೆ, ಮಾತು ತೊದಲುವುದು ಕಂಡರೆ ಮಾರಿಕುಪ್ಪಂವರೆಗೆ ಕಾಯದೆ ಮುಂದಿನ ದೊಡ್ಡ ಸ್ಟೇಷನ್ನಿನಲ್ಲೇ ಇಳಿದು ಆಸ್ಪತ್ರೆಗೆ ಹೋಗಿ. ಪೆಟ್ಟಾದ ಎರಡು ದಿನ ಕಣ್ಣಿಟ್ಟಿರಬೇಕು. ಆಸ್ಪತ್ರೆಯಲ್ಲಿ ಎಲ್ಲಿ, ಹೇಗೆ ಪೆಟ್ಟಾಯಿತು ಎಂದು ಸರಿಯಾಗಿ ಹೇಳಿ ಎಂ.ಎಲ್.ಸಿ., ಅಂದರೆ ವೈದ್ಯಕೀಯ-ಕಾನೂನು ದಾಖಲೆ, ಬರೆಸಿ. ನಾಳೆ ಎಲ್ಲದಕ್ಕೂ ಆಧಾರ ಆ ಚೀಟಿಯೇ.

ಮಗು ಕಾಣೆಯಾದರೆ ನೀವೇ ಹುಡುಕುತ್ತಾ ಅಲೆಯುವ ಮೊದಲು ಹತ್ತಿರದ ಸಿಬ್ಬಂದಿಗೆ ಹೇಳಿ, ಗೇಟಿಗೆ ಸುದ್ದಿ ಮುಟ್ಟಲಿ. ಬೆಳಗ್ಗೆ ಒಳಗೆ ಹೋಗುವಾಗ ಅವತ್ತಿನ ಬಟ್ಟೆಯಲ್ಲೇ ಮಗುವಿನ ಫೋಟೊ ತೆಗೆದಿಡಿ, ನಿಮ್ಮ ಫೋನ್ ನಂಬರನ್ನು ಮಗುವಿನ ತೋಳಿನ ಮೇಲೆ ಬರೆದಿಡಿ.

ಹಣ ಮತ್ತು ನ್ಯಾಯ

ಟಿಕೆಟ್ ಕೊಳ್ಳುವ ಮುಂಚೆ "ಇವತ್ತು ಯಾವ ಆಟ ಮುಚ್ಚಿದೆ?" ಎಂದು ಕೌಂಟರಿನಲ್ಲಿ ಕೇಳಿ. ಮಳೆಗೆ, ರಿಪೇರಿಗೆ ಒಂದೆರಡು ಆಟ ನಿಂತದ್ದಕ್ಕೆ ಹಣ ವಾಪಸು ಸಿಗುವುದು ಕಷ್ಟ. ಮುಚ್ಚಿದ್ದನ್ನು ಬಚ್ಚಿಟ್ಟು ಟಿಕೆಟ್ ಮಾರಿದರೆ, ದಿನದ ಬಹುಪಾಲು ಏನೂ ನಡೆಯದಿದ್ದರೆ, ನಿರ್ಲಕ್ಷ್ಯದಿಂದ ಪೆಟ್ಟಾದರೆ ಅದು ಸೇವಾ ನ್ಯೂನತೆ. "ಹಣ ವಾಪಸು ಇಲ್ಲ", "ನಿಮ್ಮದೇ ಹೊಣೆ" ಎಂದು ಟಿಕೆಟಿನ ಹಿಂದೆ ಅಚ್ಚು ಹಾಕಿದ ಮಾತ್ರಕ್ಕೆ ಮಾತು ಮುಗಿಯಲಿಲ್ಲ. ಸರಿ ತಪ್ಪು ತೀರ್ಮಾನಿಸುವುದು ಗ್ರಾಹಕ ಆಯೋಗ.

ಅಲ್ಲಿಯೇ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕರಿಸಿದ ಗುರುತು ಪಡೆಯಿರಿ. ಕೊಡದಿದ್ದರೆ ಅದೇ ದಿನ ಇ-ಮೇಲ್ ಕಳಿಸಿ. ಟಿಕೆಟ್ಟು, ಕೈಪಟ್ಟಿ, ಹಣ ಕೊಟ್ಟ ರಸೀದಿ, ಜಾಗದ ಫೋಟೊ, ಪಕ್ಕದಲ್ಲಿದ್ದವರ ಫೋನ್ ನಂಬರು ಜೋಪಾನ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಎಷ್ಟೋ ಸಣ್ಣ ದೂರುಗಳು ಅಲ್ಲೇ ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ಗ್ರಾಹಕ ಆಯೋಗ ಇದೆ. ಪಾರ್ಕು ಬಿಡದಿಯಲ್ಲಿದೆ ಎಂದು ಅಲ್ಲಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ. ಮಾರಿಕುಪ್ಪಂನವರು, ಬಂಗಾರಪೇಟೆಯವರು ಕೋಲಾರದ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಶುಲ್ಕ ಲೆಕ್ಕವಾಗುವುದು ನೀವು ಕೊಟ್ಟ ಟಿಕೆಟ್ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 5 ಲಕ್ಷ ರೂಪಾಯಿವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು, ಇದನ್ನು ಮರೆಯಬಾರದು. ವಕೀಲರ ನೆರವು ಬೇಕಾದ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಅದು ಉಚಿತ. ಸಹಾಯವಾಣಿ 15100.

ದೊಡ್ಡ ಪೆಟ್ಟೋ ಸಾವೋ ಆದರೆ ಪೊಲೀಸ್ ದೂರು ಬೇಕೇ ಬೇಕು. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಅದನ್ನು ಆ ಊರಿನ ಠಾಣೆಗೆ ಅವರೇ ಕಳಿಸುತ್ತಾರೆ.

ವಾಪಸು ದಾರಿ

ಇಷ್ಟೆಲ್ಲ ಸರಿಯಾಗಿದ್ದೂ ದಿನ ಕೆಡುವುದು ಹೆಚ್ಚಾಗಿ ಸಂಜೆಯ ರೈಲು ತಪ್ಪಿ. ಬಿಡದಿಯಿಂದ ಬೆಂಗಳೂರಿಗೆ ಬರುವ ಸಂಜೆಯ ಟ್ರಾಫಿಕ್ಕಿಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಮಾರಿಕುಪ್ಪಂ ರೈಲು ಹೋಗಿದ್ದರೆ ಚೆನ್ನೈ ಕಡೆಯ ರೈಲಿನಲ್ಲಿ ಬಂಗಾರಪೇಟೆಗೆ ಬರಬಹುದು, ಇಲ್ಲವೇ ಕೆಜಿಎಫ್ ಬಸ್ಸು ಹಿಡಿಯಬಹುದು. ಆ ಖರ್ಚಿಗೆಂದು ಸ್ವಲ್ಪ ಹಣವನ್ನು ಪಾರ್ಕಿನೊಳಗೆ ಮುಟ್ಟದೆ ಎತ್ತಿಡಿ.

ಕೇಜಿನಿಂದ ಮೇಲೆ ಬಂದ ಗಂಡಸರನ್ನು ಎಣಿಸಿ, ಇಳಿದವರೆಲ್ಲ ಬಂದರೇ ಎಂದು ನೋಡಿಕೊಂಡ ಊರು ನಮ್ಮದು. ಪಾರ್ಕಿನ ಗೇಟಿನಲ್ಲೂ ರೈಲಿನ ಬಾಗಿಲಲ್ಲೂ ಮಕ್ಕಳನ್ನು ಹಾಗೆಯೇ ಎಣಿಸಿಕೊಳ್ಳಿ. ಹೋದಷ್ಟೂ ಜನ ನಗುತ್ತಾ ಮಾರಿಕುಪ್ಪಂನಲ್ಲಿ ಇಳಿದರೆ, ಎರಡು ಆಟ ನಿಂತಿದ್ದರೂ ಆ ದಿನ ಕೆಟ್ಟಿಲ್ಲ.