ಗಡಿಭಾಗದ ಊಟ ಮತ್ತು ಆಹಾರ ಸಲಹೆಯ ಭಾಷೆ

ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಅವು ಉಸ್ಮಾನಾಬಾದ ಜಿಲ್ಲೆಯನ್ನು ಸೇರಿ, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ ಬಂದವು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಆಡಳಿತದ ಗೆರೆ ಬದಲಾದರೂ ಈ ಭಾಗದ ಅಡುಗೆಮನೆ ಬದಲಾಗಲಿಲ್ಲ. ಜೋಳದ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಲೆ, ಹಿಂಡಿ ಗಡಿಯ ಎರಡೂ ಕಡೆ ಉಳಿದುಬಂದವು. ಇಲ್ಲಿನ ವಯಸ್ಕರು ಆಹಾರ ಸಲಹೆಗೆಂದು ಹೋದಾಗ ಅವರ ಪೌಷ್ಟಿಕ ಸ್ಥಿತಿಯನ್ನು ಅಳೆಯುವುದು ಹೇಗೆ, ಆ ಅಳತೆಯಲ್ಲಿ ಭಾಷೆಯ ಪಾತ್ರವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲ ಅಳತೆ ದೇಹತೂಕ ಸೂಚ್ಯಂಕ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಇದು ದೊರೆಯುತ್ತದೆ. 160 ಸೆಂ.ಮೀ. ಎತ್ತರದವರು 46 ಕಿಲೋ ತೂಗಿದರೆ ಸೂಚ್ಯಂಕ ಸುಮಾರು 18, ಇದು 18.5ಕ್ಕಿಂತ ಕಡಿಮೆಯಾದುದರಿಂದ ಕೃಶತೆ ಎನಿಸುತ್ತದೆ. ಅದೇ ಎತ್ತರದವರು 64 ಕಿಲೋ ತೂಗಿದರೆ ಸೂಚ್ಯಂಕ 25. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಕಾಣಿಸಿಕೊಳ್ಳುವುದರಿಂದ ನಮ್ಮಲ್ಲಿ 23ರಿಂದ ಅಧಿಕ ತೂಕವೆಂದೂ 25ರಿಂದ ಬೊಜ್ಜು ಎಂದೂ ಎಣಿಸುವ ರೂಢಿಯಿದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂ.ಮೀ. ತಲುಪಿದರೆ ಅದೂ ಎಚ್ಚರಿಕೆಯೇ. ಮೂರನೆಯದು ರಕ್ತಪರೀಕ್ಷೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೈ ತುಂಬಿಕೊಂಡವರಲ್ಲಿಯೂ ರಕ್ತ ಕಡಿಮೆಯಿರಬಹುದು. ಆದುದರಿಂದ ಕಣ್ಣಂದಾಜು ಸಾಲದು.

ಇಲ್ಲಿ ಒಂದು ಎಚ್ಚರ ಅಗತ್ಯ. ಸಲಹೆಗೆ ಬರುವವರು ಬಹುಮಟ್ಟಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ತೂಕದ ಕಾರಣದಿಂದ ವೈದ್ಯರು ಕಳುಹಿಸಿದವರು. ದಿನಗೂಲಿ ಬಿಟ್ಟು ಬರಲಾರದ ಕೃಶ ಶ್ರಮಿಕರು ಆ ಬಾಗಿಲಿಗೆ ಬರುವುದು ವಿರಳ. ಹೀಗಾಗಿ ಸಲಹೆ ಕೇಳಿದವರ ಅಂಕಿಗಳನ್ನೇ ಊರಿನ ಸ್ಥಿತಿಯೆಂದು ತಿಳಿಯಲಾಗದು.

ಅಳತೆಯ ಬಳಿಕ ಸಲಹೆಗಾರರು ಹಿಂದಿನ 24 ಗಂಟೆಗಳ ಆಹಾರವನ್ನು ವಿಚಾರಿಸುತ್ತಾರೆ. ಭಾಷೆಯ ಪ್ರಶ್ನೆ ಏಳುವುದು ಇಲ್ಲಿಯೇ. ಕನ್ನಡದಲ್ಲಿ ಉಣ್ಣುವುದು ಬೇರೆ, ತಿನ್ನುವುದು ಬೇರೆ, ಕುಡಿಯುವುದು ಬೇರೆ. 'ನಿನ್ನೆ ಏನು ಉಂಡಿರಿ?' ಎಂದು ಕೇಳಿದರೆ ರೊಟ್ಟಿ, ಪಲ್ಲೆ, ಅನ್ನ ಉತ್ತರವಾಗಿ ಬರುತ್ತವೆ. ಚಹಾ, ಬಿಸ್ಕಿಟು, ಸುಸಲಾ, ಭಜಿ ಬರುವುದಿಲ್ಲ. ಉತ್ತರಿಸಿದವರು ಏನನ್ನೂ ಮುಚ್ಚಿಟ್ಟಿಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದಾರೆ. ಆದರೆ ಎರಡು ಚಮಚ ಸಕ್ಕರೆಯ ನಾಲ್ಕು ಕಪ್ ಚಹಾ ಎಂದರೆ ಸುಮಾರು 40 ಗ್ರಾಂ ಸಕ್ಕರೆ, 160 ಕ್ಯಾಲರಿ. ಇದು ಲೆಕ್ಕದಿಂದ ತಪ್ಪಿಹೋಗುತ್ತದೆ. 'ನಿನ್ನೆ ಉಪವಾಸ' ಎಂಬ ಮಾತಿನ ಹಿಂದೆ ಸಾಬುದಾಣಿ ಖಿಚಡಿಯೂ ಶೇಂಗಾವೂ ಇರಬಹುದು.

ಹೆಸರುಗಳದೂ ಇದೇ ಸಮಸ್ಯೆ. ನಮ್ಮ ರೊಟ್ಟಿ ಜೋಳದ್ದು, ಮರಾಠಿಯಲ್ಲಿ ಅದು ಭಾಕರಿ. ಹಿಂದಿಯ ರೋಟಿ ಸಾಮಾನ್ಯವಾಗಿ ಗೋಧಿಯದು. ನಮೂನೆಯಲ್ಲಿ ಬರಿದೆ 'ರೋಟಿ' ಎಂದು ಬರೆದರೆ ಧಾನ್ಯವೇ ಬದಲಾಗುತ್ತದೆ. ನಮ್ಮ ಪುಂಡಿ ಮರಾಠಿಯ ಅಂಬಾಡಿ, ಅಗಸಿ ಅಲ್ಲಿ ಜವಸ, ಗುರೆಳ್ಳು ಕಾರಳೆ. ಪುಂಡಿಪಲ್ಲೆಯನ್ನು 'ಭಾಜಿ' ಎಂದೂ ಅಗಸಿ ಹಿಂಡಿಯನ್ನು 'ಚಟ್ನಿ' ಎಂದೂ ದಾಖಲಿಸಿದರೆ ಸೊಪ್ಪಿನ ಸತ್ವವೂ ಎಣ್ಣೆಕಾಳಿನ ಸತ್ವವೂ ಲೆಕ್ಕಕ್ಕೆ ಸಿಗುವುದಿಲ್ಲ.

ಧಾನ್ಯದ ಭೇದ ಅಲ್ಪವಾದುದಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ, ಕಬ್ಬಿಣ 1 ಮಿಲಿಗ್ರಾಂಗೂ ಕಡಿಮೆ. ಮುಂಗಾರು ಜೋಳದ ಹೊಲಗಳನ್ನು ಸೋಯಾಬೀನ್ ಆಕ್ರಮಿಸಿದೆ. ಪಡಿತರದಲ್ಲಿ ಗೋಧಿ, ಅಕ್ಕಿ ದೊರೆಯುತ್ತವೆ. ಹಾಗೆಂದು ಜೋಳವೊಂದೇ ಸಾಕೆಂದಲ್ಲ. ದಖ್ಖನ್ನಿನಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಒಮ್ಮೆ ಪೆಲ್ಲಾಗ್ರ ಕಾಣುತ್ತಿತ್ತು; ಬಿಸಿಲು ಬೀಳುವೆಡೆ ಚರ್ಮ ಕಪ್ಪಾಗಿ ಸುಲಿಯುವ ವ್ಯಾಧಿಯದು. ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದೇ ಇದಕ್ಕೆ ಕಾರಣವೆಂದು ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಹಾಗೂ ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಪ್ರತಿಪಾದಿಸಿದರು. ರೊಟ್ಟಿಯ ಜೊತೆ ಬೇಳೆ, ಸೊಪ್ಪು, ಹಾಲು ಬೇಕೆಂಬುದು ಇದರಿಂದ ಸಿಗುವ ಪಾಠ. ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಬೇಳೆಯಲ್ಲಿದೆ. ಪಲ್ಲೆಗೆ ಹಿಂಡಿದ ನಿಂಬೆರಸ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಊಟದ ಜೊತೆಗಿನ ಚಹಾ ಅದನ್ನು ತಡೆಯುತ್ತದೆ.

ತಪ್ಪಾಗಿ ದಾಖಲಾದ ಊಟಕ್ಕೆ ಸರಿಯಾದ ಸಲಹೆ ದೊರೆಯಲಾರದು. ಗಡಿಭಾಗದ ಅಡುಗೆಯ ಪದಗಳನ್ನು, ಅವುಗಳ ಮರಾಠಿ ಸಮಾನಪದ ಹಾಗೂ ಬಳಸುವ ಧಾನ್ಯ-ಸೊಪ್ಪುಗಳ ವಿವರದೊಡನೆ ಸಂಗ್ರಹಿಸುವುದು ಕನ್ನಡ ವಿದ್ಯಾರ್ಥಿಗಳಿಗೆ ಸುಲಭಸಾಧ್ಯ. ಅಂಥ ಪದಪಟ್ಟಿ ನಿಘಂಟಿಗೆ ಎಷ್ಟು ಉಪಯುಕ್ತವೋ ಆಹಾರ ಸಲಹೆಗಾರರ ಮೇಜಿಗೂ ಅಷ್ಟೇ ಉಪಯುಕ್ತ.