ಬಣ್ಣ, ಎಣ್ಣೆ, ಉಪ್ಪು: ಹೋಬಳಿ ಊರುಗಳಿಗೊಂದು ಎಚ್ಚರಿಕೆ

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೆಲವು ಅಂಕಿಗಳನ್ನು ರಾಜ್ಯದ ಮುಂದಿಟ್ಟರು. ಆಹಾರ ಸುರಕ್ಷತಾ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆ ಮಾಡಿಸಿತ್ತು. ಅದರಲ್ಲಿ 107 ಅಸುರಕ್ಷಿತ ಎಂದು ವರದಿ ಬಂತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಗೋಬಿಯಲ್ಲಿ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳಿದ್ದವು. ಮಿಠಾಯಿಯಲ್ಲಿ ರೋಡಮೈನ್-ಬಿ ಇತ್ತು. ಅಂದೇ ಬಾಂಬೆ ಮಿಠಾಯಿಗೆ ರೋಡಮೈನ್-ಬಿ, ಗೋಬಿಗೆ ಕೃತಕ ಬಣ್ಣ ಬಳಸುವುದನ್ನು ಸರ್ಕಾರ ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ನ ಸರದಿ: 39ರಲ್ಲಿ 8 ಅಸುರಕ್ಷಿತ. ಆಮೇಲೆ ಪಾನಿಪುರಿ: ಸುಮಾರು 260 ಮಾದರಿಗಳಲ್ಲಿ 41 ಅಸುರಕ್ಷಿತ.

ಇದೆಲ್ಲ ಬೆಂಗಳೂರಿನ ಮಾತು, ಕಡೂರು ತಾಲ್ಲೂಕಿನ ಮೂಲೆಯಲ್ಲಿರುವ ಪಂಚನಹಳ್ಳಿಗೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ತೆಂಗು, ರಾಗಿ, ಹಾಲು ನಂಬಿದ ಸೀಮೆ ಇದು. ಮುದ್ದೆಯ ರಾಗಿ ಯಾರ ಹೊಲದ್ದು, ಕಾಯಿ ಯಾರ ತೋಟದ್ದು ಎಂದು ಹೇಳಬಲ್ಲ ಜನ ಇಲ್ಲಿದ್ದಾರೆ. ಆದರೆ ಈಗ ಹೋಬಳಿ ಕೇಂದ್ರಗಳ ಬಸ್ ನಿಲ್ದಾಣದ ಬಳಿ, ಸಂತೆ ಬಯಲಲ್ಲಿ, ಅಂತರಘಟ್ಟೆಯಂಥ ಜಾತ್ರೆಗಳಲ್ಲಿ ಸಂಜೆಯ ತಿಂಡಿ ಎಂದರೆ ಗೋಬಿ, ನೂಡಲ್ಸ್, ಕಬಾಬ್. ಕೋಸನ್ನೊಂದು ಬಿಟ್ಟರೆ ಇವುಗಳಿಗೆ ಬೀಳುವ ಮೈದಾ, ಕಾರ್ನ್‌ಫ್ಲೋರ್, ಪಾಮೆಣ್ಣೆ, ಕ್ಯಾನ್ ಸಾಸ್, ಬಣ್ಣದ ಪುಡಿ ಯಾವುವೂ ಊರಿನವಲ್ಲ. ಇವು ಎಲ್ಲಿ, ಯಾವುದರಿಂದ ತಯಾರಾದವು ಎಂಬುದು ತಿನ್ನುವವರಿಗೂ ಗೊತ್ತಿಲ್ಲ, ಎಷ್ಟೋ ಸಲ ಮಾರುವವರಿಗೂ ಗೊತ್ತಿಲ್ಲ.

ಹಾಗಾಗಿ ಅನುಮಾನ ಹುಟ್ಟುವುದು ಸಹಜ. ಆ ಅನುಮಾನ ಸರಿಯಾದ ಕಡೆಗೆ ತಿರುಗಿಲ್ಲ ಎಂಬುದೇ ನನ್ನ ಆತಂಕ.

ಹೆದರಬೇಕಾದ್ದು ಯಾವುದಕ್ಕೆ?

ಪ್ಲಾಸ್ಟಿಕ್ ಅಕ್ಕಿ, ಪ್ಲಾಸ್ಟಿಕ್ ಮೊಟ್ಟೆಯ ವಿಡಿಯೊಗಳು ಹಳ್ಳಿ ಹಳ್ಳಿಯ ಮೊಬೈಲ್‌ಗಳಲ್ಲಿ ಸುತ್ತಿವೆ. ಪ್ಲಾಸ್ಟಿಕ್ ಮೊಟ್ಟೆ ಎಂಬುದು ಇಲ್ಲವೇ ಇಲ್ಲ ಎಂದು ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಸ್ಪಷ್ಟಪಡಿಸಿದೆ. ಇನ್ನೊಂದು ದೊಡ್ಡ ಭಯ ‘ಟೇಸ್ಟಿಂಗ್ ಪೌಡರ್’ ಬಗ್ಗೆ. ಅದು ಮಾನೋಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಈ ರುಚಿಯನ್ನು ಬೇರ್ಪಡಿಸಿದರು. ಈಗ ಇದನ್ನು ಕಬ್ಬಿನ ಕಾಕಂಬಿ, ಮರಗೆಣಸಿನ ಪಿಷ್ಟದಂಥವುಗಳನ್ನು ಹುದುಗಿಸಿ ತೆಗೆಯುತ್ತಾರೆ. ಒಂದು ವರ್ಷದೊಳಗಿನ ಕೂಸುಗಳ ಆಹಾರಕ್ಕೆ ಇದು ಸಲ್ಲ. ಉಳಿದವರಿಗೆ ಅಡುಗೆಯ ಪ್ರಮಾಣದಲ್ಲಿ ಇದು ವಿಷ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಟೇಸ್ಟಿಂಗ್ ಪೌಡರ್ ಹಾಕಬೇಡಿ ಎಂದು ಹೇಳಿ ಸಮಾಧಾನಪಟ್ಟುಕೊಳ್ಳುವ ತಾಯಿ, ಅದೇ ತಟ್ಟೆಯ ಕಡುಗೆಂಪು ಬಣ್ಣದ ಬಗ್ಗೆ ಕೇಳುವುದೇ ಇಲ್ಲ. ಪ್ರಯೋಗಾಲಯ ಬೆರಳು ತೋರಿಸಿದ್ದು ಆ ಬಣ್ಣಕ್ಕೆ.

ರೋಡಮೈನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ಗುಲಾಬಿ ಬಣ್ಣ. ಅದನ್ನು ಆಹಾರಕ್ಕೆ ಸೇರಿಸಲು ನಮ್ಮ ಕಾನೂನು ಒಂದು ಕಣದಷ್ಟಕ್ಕೂ ಅವಕಾಶ ಕೊಟ್ಟಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಯಕೃತ್ತಿಗೆ ಹಾನಿಯಾದದ್ದು ಕಂಡಿದೆ. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ಗಳ ಕಥೆ ಬೇರೆ. ಭಾರತದಲ್ಲಿ ಅನುಮತಿ ಇರುವ ಎಂಟು ಕೃತಕ ಬಣ್ಣಗಳಲ್ಲಿ ಇವೂ ಸೇರಿವೆ. ಆದರೆ ಆ ಅನುಮತಿ ಸಿಹಿತಿಂಡಿ, ಐಸ್‌ಕ್ರೀಂ, ಬಿಸ್ಕತ್ತಿನಂಥ ಹೆಸರಿಸಿದ ತಿನಿಸುಗಳಿಗೆ ಮಾತ್ರ, ಅದೂ ಮಿತಿಯೊಳಗೆ. ಗೋಬಿಗಾಗಲಿ ಕಬಾಬಿಗಾಗಲಿ ಅದು ಅನ್ವಯಿಸುವುದಿಲ್ಲ. ಪ್ಯಾಕೆಟ್ಟಿನ ಮೇಲೆ ‘ಆಹಾರದ ಬಣ್ಣ’ ಎಂದು ಬರೆದಿದೆಯಲ್ಲ ಎನ್ನುವ ವ್ಯಾಪಾರಿ ಸುಳ್ಳು ಹೇಳುತ್ತಿಲ್ಲ, ಅವನಿಗೆ ಅರ್ಧ ಮಾತ್ರ ಗೊತ್ತಿದೆ.

ಮಿತಿ ಯಾಕೆ ಬೇಕು ಎನ್ನುವುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಸನ್‌ಸೆಟ್ ಯೆಲ್ಲೋ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ ದಾಟಬಾರದು ಎಂದು ಅಂತರರಾಷ್ಟ್ರೀಯ ತಜ್ಞರು ಗೊತ್ತುಮಾಡಿದ್ದಾರೆ. 60 ಕಿಲೋ ತೂಗುವ ಅಪ್ಪನಿಗೆ 240 ಮಿಲಿಗ್ರಾಂ ಆದರೆ, ಅವನ ತೊಡೆಯ ಮೇಲೆ ಕೂತು ತಿನ್ನುವ 15 ಕಿಲೋದ ಮಗುವಿಗೆ 60 ಮಿಲಿಗ್ರಾಂ ಮಾತ್ರ. ಗಾಡಿಯ ಮೇಲೆ ತಕ್ಕಡಿ ಇಲ್ಲ. ಸೌಟಿನ ತುದಿಯಲ್ಲಿ ಎತ್ತಿದ ಪುಡಿ ಹಿಟ್ಟಿಗೆ ಬೀಳುತ್ತದೆ. ಕೆಂಪು ಸಾಲದು ಅನ್ನಿಸಿದರೆ ಇನ್ನೊಮ್ಮೆ ಬೀಳುತ್ತದೆ.

2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮೂರು ವರ್ಷದ ಹಾಗೂ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಕೃತಕ ಬಣ್ಣ ಮತ್ತು ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಕೆಲವು ಮಕ್ಕಳಲ್ಲಿ ಅತಿಚಟುವಟಿಕೆ ಹೆಚ್ಚಿದ್ದು ಕಂಡಿತು. ಗೋಬಿಯಲ್ಲಿ ಸಿಕ್ಕ ಮೂರೂ ಬಣ್ಣಗಳು ಆ ಮಿಶ್ರಣಗಳಲ್ಲಿದ್ದವು. 2010ರಿಂದ ಯುರೋಪಿನಲ್ಲಿ ಇಂಥ ಬಣ್ಣವಿರುವ ಪೊಟ್ಟಣದ ಮೇಲೆ ‘ಮಕ್ಕಳ ಚಟುವಟಿಕೆ, ಏಕಾಗ್ರತೆಯ ಮೇಲೆ ದುಷ್ಪರಿಣಾಮ ಆಗಬಹುದು’ ಎಂಬ ಎಚ್ಚರಿಕೆ ಕಡ್ಡಾಯ. ಗೋಬಿಯ ಪೇಪರ್ ತಟ್ಟೆಯ ಮೇಲೆ ಯಾವ ಎಚ್ಚರಿಕೆಯೂ ಇರುವುದಿಲ್ಲ.

ಕಪ್ಪಾದ ಎಣ್ಣೆ, ಹಾಲಿಲ್ಲದ ಪನೀರ್

ಬಣ್ಣ ಕಣ್ಣಿಗೆ ಕಾಣುತ್ತದೆ, ಎಣ್ಣೆ ಕಾಣುವುದಿಲ್ಲ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಗಾಳಿ ಮತ್ತು ತೇವದೊಂದಿಗೆ ಸೇರಿ ಒಡೆಯುತ್ತದೆ; ಆಲ್ಡಿಹೈಡ್‌ಗಳು, ಪೋಲಾರ್ ಸಂಯುಕ್ತಗಳು ಹುಟ್ಟುತ್ತವೆ. ಇಂಥ ಸಂಯುಕ್ತಗಳು ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹೆಚ್ಚು ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿದೆ. ಆ ಹೊಗೆಗೆ ಮೊದಲು ಮುಖ ಒಡ್ಡುವವನು ಗಾಡಿಯವನೇ.

ಬಳಸಿದ ಎಣ್ಣೆಯ ಲೆಕ್ಕ ಬರೆದಿಡಬೇಕಾದ್ದು ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವ ದೊಡ್ಡ ವ್ಯಾಪಾರಿಗಳು ಮಾತ್ರ. ಎರಡು ಮೂರು ಲೀಟರಿನ ಬಾಣಲೆ ಆ ಲೆಕ್ಕದೊಳಗೆ ಬರುವುದೇ ಇಲ್ಲ. ನಿನ್ನೆ ಉಳಿದ ಎಣ್ಣೆಗೆ ಇವತ್ತು ಅರ್ಧ ಲೀಟರ್ ಹೊಸದು ಸೇರಿಸಿದರೆ ವ್ಯಾಪಾರ ಶುರು. ನಿಯಮ ಹೆಚ್ಚು ಬೇಕಾದ ಕಡೆಯೇ ನೋಡುವವರಿಲ್ಲ.

ಪನೀರಿನ ವಿಷಯ ಹಾಲು ಕರೆಯುವ ಊರಿಗೆ ವಿವರಿಸಬೇಕಿಲ್ಲ. ಒಂದು ಕಿಲೋ ಪನೀರ್ ತೆಗೆಯಲು ಐದಾರು ಲೀಟರ್ ಹಾಲು ಬೇಕು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಯಾರೇ ಆದರೂ ಆ ಹಾಲಿನ ಬೆಲೆಯನ್ನು ಬೆರಳಲ್ಲೇ ಎಣಿಸಿ ಹೇಳಬಲ್ಲರು. ಅದಕ್ಕಿಂತ ಅಗ್ಗದ ಪನೀರ್ ಸಿಗುತ್ತಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರಬಹುದೆಂದು ಅನುಮಾನಪಡುವುದು ನ್ಯಾಯ. ಇಂಥದ್ದಕ್ಕೆ ‘ಅನಲಾಗ್’ ಎಂದು ಹೆಸರು. ಮಾರುವುದು ಅಪರಾಧವಲ್ಲ, ಪೊಟ್ಟಣದ ಮೇಲೆ ಹೇಳದೆ ಮಾರುವುದು ಅಪರಾಧ. ಅಯೋಡಿನ್ ಹನಿ ಹಾಕಿ ನೀಲಿ ಬಂದರೆ ಪಿಷ್ಟ ಸೇರಿದೆ ಎಂದು ತಿಳಿಯುತ್ತದೆ, ಆದರೆ ಸಸ್ಯದ ಎಣ್ಣೆ ಆ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಗಿಡಗಳಲ್ಲಷ್ಟೇ ಉಂಟಾಗುವ ಬೀಟಾ-ಸಿಟೊಸ್ಟಿರಾಲ್ ಎಂಬ ಅಂಶವನ್ನು ಪ್ರಯೋಗಾಲಯವೇ ಹುಡುಕಬೇಕು.

ಇವೆಲ್ಲದರ ಜೊತೆಗೆ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಯಾ ಸಾಸ್, ಚಿಲ್ಲಿ ಸಾಸ್, ಹಿಟ್ಟು, ಮಸಾಲೆ ಎಲ್ಲದರಲ್ಲೂ ಉಪ್ಪಿರುವ ತಟ್ಟೆಯಿಂದ ಆ ಮಿತಿಯ ದೊಡ್ಡ ಪಾಲು ಒಂದೇ ಸಂಜೆಗೆ ಮುಗಿದುಹೋಗುತ್ತದೆ.

ಬರಲಿರುವುದು

ಈ ಹಾನಿ ರಾತ್ರಿಯ ವಾಂತಿ-ಭೇದಿಯಾಗಿ ಬರುವುದಿಲ್ಲ. ಬಂದಿದ್ದರೆ ನಾವು ಎಂದೋ ಎಚ್ಚೆತ್ತುಕೊಳ್ಳುತ್ತಿದ್ದೆವು. ಅದು ರಕ್ತದೊತ್ತಡವಾಗಿ, ಸಕ್ಕರೆ ಕಾಯಿಲೆಯಾಗಿ, ಹೃದಯದ ತೊಂದರೆಯಾಗಿ ಇಪ್ಪತ್ತು ವರ್ಷ ತಡವಾಗಿ ಬರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. 2024ರಲ್ಲಿ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ, ದೇಶದ ಒಟ್ಟು ರೋಗಭಾರದಲ್ಲಿ ಶೇ 56.4 ಕೆಟ್ಟ ಆಹಾರಕ್ರಮದಿಂದ ಬರುತ್ತಿದೆ ಎಂದು ಅಂದಾಜು ಮಾಡಿದೆ. ಗೋಬಿಯೊಂದೇ ಇದಕ್ಕೆಲ್ಲ ಕಾರಣ ಎಂದು ಯಾರೂ ಹೇಳುವುದಿಲ್ಲ. ಆದರೆ ವಾರಕ್ಕೆ ಮೂರು ನಾಲ್ಕು ಸಂಜೆ ಇದನ್ನೇ ತಿಂದು ಬೆಳೆಯುತ್ತಿರುವ ಮೊದಲ ತಲೆಮಾರು ಹೋಬಳಿ ಊರುಗಳಲ್ಲಿ ಈಗ ಶಾಲೆಗೆ ಹೋಗುತ್ತಿದೆ. ಇವರು ಮೂವತ್ತೈದಕ್ಕೆ ಕಾಲಿಡುವಾಗ ಜಿಲ್ಲಾ ಆಸ್ಪತ್ರೆ ಈಗಿರುವಷ್ಟೇ ದೂರದಲ್ಲಿರುತ್ತದೆ.

ಕಾನೂನಿಗೆ ಕೊರತೆಯಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಮಾದರಿ ತೆಗೆದು ನಾಲ್ಕು ಭಾಗ ಮಾಡಬೇಕು, ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ಕೊರತೆ ಇರುವುದು ಮಾದರಿ ತೆಗೆಯುವ ಕೈಗಳಿಗೆ. ನಗರದಲ್ಲಿ ಸುದ್ದಿಯಾದಾಗ ನಡೆಯುವ ತಪಾಸಣೆ ಹೋಬಳಿಯ ಸಂತೆಯಲ್ಲೂ, ಜಾತ್ರೆಗೆ ಒಂದು ವಾರ ಮುಂಚೆಯೂ ನಡೆಯಬೇಕು. ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಇದನ್ನು ಬರೆದು ಕೇಳುವುದು ಗ್ರಾಮ ಪಂಚಾಯಿತಿಯ ಕೆಲಸ. ಗಾಡಿಯವರನ್ನು ಓಡಿಸುವುದು ಬೇಡ. ಅವರು ನಮ್ಮ ಊರಿನವರೇ, ದುಡಿದು ತಿನ್ನುವವರು. ಸಣ್ಣ ವ್ಯಾಪಾರಿಗೂ ಆಹಾರ ಸುರಕ್ಷತಾ ನೋಂದಣಿ ಸಿಗುತ್ತದೆ. ಪಂಚಾಯಿತಿ ಅದನ್ನು ಮಾಡಿಸಿಕೊಟ್ಟು ಬಣ್ಣವಿಲ್ಲದ ಗೋಬಿ, ದಿನಾ ಹೊಸ ಎಣ್ಣೆ ಎಂಬ ಎರಡು ಮಾತು ತೆಗೆದುಕೊಳ್ಳಲಿ. ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಕೂಡದು ಎಂಬ 2020ರ ನಿಯಮವನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಲಿ.

ಶಾಲೆಯ ಮೇಷ್ಟ್ರುಗಳಿಗೂ ಒಂದು ಮಾತು. ರಾಗಿಗೆ ರೋಡಮೈನ್-ಬಿ ಬೆರೆತಿದೆಯೇ ಎಂದು ನೋಡುವ ಸರಳ ವಿಧಾನವನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ತನ್ನ ಕೈಪಿಡಿಯಲ್ಲಿ ಪ್ರಕಟಿಸಿದೆ. ಒಂದು ಹತ್ತಿಯುಂಡೆಯನ್ನು ನೀರಿನಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ಕಾಳಿನ ಮೇಲೆ ಉಜ್ಜಬೇಕು. ಹತ್ತಿ ಕೆಂಪಾದರೆ ಬಣ್ಣ ಬೆರೆತಿದೆ. ಐದು ನಿಮಿಷದ ಈ ಪ್ರಯೋಗವನ್ನು ಏಳನೇ ತರಗತಿಯ ಮಕ್ಕಳ ಕೈಯಲ್ಲೇ ಮಾಡಿಸಿ. ಅಂಗಡಿ ಅರಿಸಿನ, ಕಾರದಪುಡಿಗಳ ಪರೀಕ್ಷೆಗಳೂ ಅದೇ ಕೈಪಿಡಿಯಲ್ಲಿವೆ.

ತಂದೆ-ತಾಯಂದಿರೇ, ಕೊಂಡ ತಿನಿಸನ್ನು ಶುಲ್ಕ ಕಟ್ಟಿ ಪರೀಕ್ಷೆಗೆ ಕಳಿಸುವ ಹಕ್ಕು ಕಾಯ್ದೆಯ 40ನೇ ಕಲಮಿನಲ್ಲಿ ಪ್ರತಿ ಗ್ರಾಹಕನಿಗೂ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಗಾಡಿಯ ಮುಂದೆ ನಿಂತು ಬಣ್ಣ ಹಾಕದೆ ಮಾಡಿಕೊಡಿ ಎಂದು ಹೇಳಿ. ಹತ್ತು ಜನ ಹೇಳಿದರೆ ಬಣ್ಣದ ಡಬ್ಬಿ ಗಾಡಿಯಿಂದ ಇಳಿಯುತ್ತದೆ. ಯಾಕೆಂದರೆ ಅವರು ಬಣ್ಣ ಹಾಕುತ್ತಿರುವುದೇ ನಮಗೆ ಕೆಂಪು ಬೇಕು ಎಂದು ನಂಬಿ.