ಸೂರ್ಯನ ಕುದುರೆಯನ್ನು ಗುರುತಿಸುವ ಬಗೆ

ಮಳೆಗಾಲ ಹಿಂದಾಗಿ ರಾಗಿ ತೆನೆ ಬಿಡುವ ಹೊತ್ತಿಗೆ ಕೊಣನೂರಿನ ಹೊಲದ ಬದುಗಳಲ್ಲಿಯೂ ಕಾವೇರಿಯ ದಡದ ಪೊದೆಗಳಲ್ಲಿಯೂ, ಮುಂಗಾಲುಗಳನ್ನು ಜೋಡಿಸಿ ಧ್ಯಾನಕ್ಕೆ ಕುಳಿತಂತಿರುವ ಸೂರ್ಯನ ಕುದುರೆಯನ್ನು ಕಾಣದವರು ವಿರಳ. ಪ್ರಪಂಚದಲ್ಲಿ ಇವುಗಳ ಸುಮಾರು 2,400 ಜಾತಿಗಳಿವೆ. ನಮಗಾದರೋ ಎಲ್ಲವೂ ಒಂದೇ. ಹೆಚ್ಚೆಂದರೆ ಹಸಿರಿನದೊಂದು, ಕಂದಿನದೊಂದು.

ಹೆಸರು ತಿಳಿಯದಿದ್ದರೆ ನಷ್ಟವೇನು ಎಂದು ಕೇಳಬಹುದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಮಿತಿಗಳು ತಮ್ಮ ಊರಿನ ಜೀವಸಂಪತ್ತಿನ ದಾಖಲೆಯನ್ನು ಬರೆದಿಡಬೇಕು. ಅದರಲ್ಲಿ ‘ಸೂರ್ಯನ ಕುದುರೆ’ ಎಂದು ಒಂದೇ ಸಾಲು ಬರೆದರೆ ನಾಲ್ಕೈದು ಜಾತಿಗಳು ಆ ಸಾಲಿನೊಳಗೆ ಅಡಗಿಹೋಗುತ್ತವೆ. ನಾಳೆ ಅವುಗಳಲ್ಲೊಂದು ಔಷಧಿಯ ಸಿಂಪಡಣೆಯಿಂದಲೋ ಬೇಲಿಯ ಗಿಡ ಕಡಿದುದರಿಂದಲೋ ಇಲ್ಲವಾದರೆ ಸಾಲು ಹಾಗೆಯೇ ಉಳಿಯುತ್ತದೆ. ಇಲ್ಲವಾದುದು ಯಾರ ಗಮನಕ್ಕೂ ಬಾರದು.

ಮೊದಲು ಬಣ್ಣದ ಮೋಹವನ್ನು ಬಿಡಬೇಕು. ಒಂದೇ ಜಾತಿಯಲ್ಲಿ ಹಸಿರು ಬಣ್ಣದವೂ ಕಂದು ಬಣ್ಣದವೂ ಇರುವುದುಂಟು. ಕಣ್ಣಿನಲ್ಲಿ ಕಾಣುವ ಕರಿಯ ಚುಕ್ಕೆಯನ್ನೂ ನಂಬತಕ್ಕದ್ದಲ್ಲ. ಅದು ಮಚ್ಚೆಯಲ್ಲ, ಬೆಳಕಿನ ಆಟ. ನಾವು ಸರಿದಂತೆ ಅದೂ ಸರಿದು ನಮ್ಮನ್ನೇ ನೋಡುತ್ತಿರುವಂತೆ ತೋರುತ್ತದೆ.

ನಿಜವಾದ ಗುರುತು ಬಹುಮಟ್ಟಿಗೆ ಮುಂಗಾಲಿನ ಒಳಮೈಯಲ್ಲಿದೆ. ಕೈಮುಗಿದು ಕುಳಿತಾಗ ಅದು ಮರೆಯಾಗಿರುತ್ತದೆ. ಆದಕಾರಣ ಮೇಲಿನಿಂದ ಫೋನಿನಲ್ಲಿ ತೆಗೆದ ಹತ್ತು ಚಿತ್ರಗಳಿಗಿಂತ ಎದುರಿನಿಂದ ತೆಗೆದ ಒಂದು ಚಿತ್ರ ಮೇಲು. ಹುಲ್ಲುಕಡ್ಡಿಯನ್ನು ಮೆಲ್ಲನೆ ಮುಂದೆ ಹಿಡಿದರೆ ಕೀಟವು ಬೆದರಿ, ಎದೆಯೆತ್ತಿ, ಮುಂಗಾಲುಗಳನ್ನು ಅಗಲಿಸುವುದುಂಟು. ಆ ಒಂದು ಕ್ಷಣದಲ್ಲಿ ಕಾಲಿನ ಬುಡದ ಖಂಡವನ್ನೂ ಅದರ ಮುಂದಿನ ತೊಡೆಯ ಖಂಡವನ್ನೂ ನೋಡಿಕೊಳ್ಳಬೇಕು. ಬುಡದ ಖಂಡದ ಒಳಗಡೆ ಕರಿಯ ಮಚ್ಚೆಯಿದ್ದು, ಕೆಲವೊಮ್ಮೆ ಅದರ ನಡುವೆ ಬಿಳುಪೂ ಇದ್ದರೆ, ಅದು 1758ರಲ್ಲಿ ಲಿನೇಯಸ್ ಹೆಸರಿಸಿದ ಮ್ಯಾಂಟಿಸ್ ರಿಲಿಜಿಯೋಸ ಆಗಿರಬಹುದು. ಮೈ ಸಣ್ಣದಾಗಿ, ಹೆಚ್ಚಾಗಿ ಕಂದಾಗಿದ್ದು, ತೊಡೆಯ ಒಳಮೈಯಲ್ಲಿಯೂ ಕಪ್ಪು ಬಿಳುಪಿನ ಗುರುತಿದ್ದರೆ ಸ್ಟಾಟಿಲಿಯ ಎಂದು ಶಂಕಿಸಬೇಕು.

ದೊಡ್ಡ ಹಸಿರು ಕುದುರೆಗಳಲ್ಲಿಯೇ ಗೊಂದಲ ಹೆಚ್ಚು. ಹೈರೋಡ್ಯುಲದ್ದು ದಪ್ಪ ಮೈಕಟ್ಟು. ತಲೆಯ ಹಿಂದಿನ ಉದ್ದ ಭಾಗವು ಮುಂಗಾಲು ಸೇರುವ ಕಡೆ ಎದ್ದು ಕಾಣುವಷ್ಟು ಅಗಲ. ಮೇಲ್ರೆಕ್ಕೆಯಲ್ಲಿ ಅನೇಕ ವೇಳೆ ಒಂದು ಬಿಳಿಯ ಚುಕ್ಕೆ. ಟೆನೊಡೆರವಾದರೆ ನೀಳ, ಸಪೂರ. ಕಂದು ರೂಪದಲ್ಲಿಯೂ ಮೇಲ್ರೆಕ್ಕೆಯ ಮುಂದಂಚು ಹಸಿರಾಗಿರುವುದುಂಟು. ಹೈರೋಡ್ಯುಲ ಎಂದು ತಿಳಿದ ಮೇಲೆ ಅದರಲ್ಲಿ ಯಾವ ಜಾತಿಯೆಂಬುದನ್ನು ಮುಂಗಾಲಿನ ಮುಳ್ಳು ಗಂಟುಗಳನ್ನು ಭೂತಕನ್ನಡಿಯಲ್ಲಿ ಪರೀಕ್ಷಿಸಿಯೇ ಹೇಳಬೇಕು. ಹೊಲದಲ್ಲಿ ನಿಂತು ಹೈರೋಡ್ಯುಲ ಎಂದಷ್ಟೇ ಬರೆದು ಸುಮ್ಮನಾಗುವುದು ವಿವೇಕವೆಂದು ನನ್ನ ಮತ.

ದಕ್ಷಿಣ ಭಾರತದಲ್ಲಿರುವ ಗಾಂಗಿಲಸ್ ಎಂಬುದಕ್ಕೆ ಇಷ್ಟು ತೊಂದರೆ ಬೇಡ. ಕಡ್ಡಿಯಂತಹ ಕತ್ತು, ಒಣಗಿದೆಲೆ ಅಂಟಿಸಿದಂತಹ ಕಾಲುಗಳು. ಒಮ್ಮೆ ಕಂಡವರು ಮರೆಯುವಂತಿಲ್ಲ.

ಗಂಡು ಹೆಣ್ಣುಗಳನ್ನು ಎರಡು ಜಾತಿಗಳೆಂದು ಎಣಿಸುವ ಅಪಾಯವೂ ಉಂಟು. ಗಂಡು ಸಣ್ಣದು, ತೆಳುವು. ರಾತ್ರಿ ಬೀದಿದೀಪಕ್ಕೆ ಹಾರಿಬರುವುದು ಹೆಚ್ಚಾಗಿ ಅದೇ. ಹೊಟ್ಟೆಯನ್ನು ಕೆಳಗಡೆಯಿಂದ ನೋಡಿ ಖಂಡಗಳನ್ನು ಎಣಿಸಿದರೆ ಬೆಳೆದ ಹೆಣ್ಣಿನಲ್ಲಿ 6, ಗಂಡಿನಲ್ಲಿ 8 ಕಾಣುತ್ತವೆ. ಇನ್ನು ರೆಕ್ಕೆ ಮೂಡದ ಮರಿಗಳು: ಅವುಗಳಲ್ಲಿ ಈ ಗುರುತುಗಳು ಪೂರ್ತಿ ಮೂಡಿರುವುದಿಲ್ಲ. ದಿನಾಂಕವನ್ನೂ ಕುಳಿತಿದ್ದ ಗಿಡವನ್ನೂ ಬರೆದುಕೊಂಡು, ಹೆಸರಿನ ಜಾಗದಲ್ಲಿ ‘ಮರಿ’ ಎಂದು ನಮೂದಿಸಿ, ಕೆಲವು ವಾರಗಳ ಮೇಲೆ ಅದೇ ಬೇಲಿಯ ಬಳಿಗೆ ಮತ್ತೆ ಹೋಗಿ ನೋಡಬೇಕು.